ತೈ ಚಿ ಚುವಾನ್: ಉಗಮ ಮತ್ತು ಸಾಧನಾ ಕ್ರಮ

ವ್ಯಾಯಾಮವೆಂದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವ ಚಿತ್ರ ಬೆವರು, ಏದುಸಿರು, ದಂಡ, ಬಸ್ಕಿಗಳದು. ಶಕ್ತಿಯೆಂದರೆ ರಭಸ, ರಭಸವೆಂದರೆ ಯೌವನ ಎಂಬ ಭಾವನೆ ಜನಮನದಲ್ಲಿ ಬಲವಾಗಿ ನೆಲೆಸಿದೆ. ಆದ್ದರಿಂದಲೇ ಐವತ್ತು ದಾಟಿದ ಗೃಹಸ್ಥರು ವ್ಯಾಯಾಮದ ಮಾತು ಬಂದಾಗ ‘ಇನ್ನು ನಮ್ಮಿಂದಾಗದು’ ಎಂದು ಕೈಚೆಲ್ಲುವುದು ವಾಡಿಕೆ. ಅಂಥವರಿಗೆ ಚೀನಾ ದೇಶದ ಒಂದು ದೃಶ್ಯ ಅಚ್ಚರಿಯನ್ನುಂಟುಮಾಡೀತು. ಬೀಜಿಂಗಿನ ಸ್ವರ್ಗ ದೇಗುಲದ ಉದ್ಯಾನದಲ್ಲಿ, ಶಾಂಘೈ ನಗರದ ಚೌಕಗಳಲ್ಲಿ ಬೆಳಗಾಗುತ್ತಿದ್ದಂತೆಯೇ ವೃದ್ಧರೂ ವೃದ್ಧೆಯರೂ ಗುಂಪುಗುಂಪಾಗಿ ನಿಂತು, ಎದೆಮಟ್ಟದ ನೀರಿನಲ್ಲಿ ನಡೆಯುವವರಂತೆ, ಅತಿ ನಿಧಾನವಾಗಿ ಕೈಯೆತ್ತುತ್ತಾರೆ, ಕಾಲು ಸರಿಸುತ್ತಾರೆ, ಸೊಂಟ ತಿರುಗಿಸುತ್ತಾರೆ. ಯಾರ ಮುಖದಲ್ಲೂ ಆಯಾಸವಿಲ್ಲ. ಯಾರ ಉಸಿರೂ ಏರುವುದಿಲ್ಲ.

ಮೊದಲ ಬಾರಿಗೆ ನೋಡುವವರು ಇದನ್ನು ನೃತ್ಯವೆಂದೋ, ಯಾವುದೋ ಆರಾಧನೆಯೆಂದೋ ಭಾವಿಸುವುದುಂಟು. ವಸ್ತುತಃ ಇದು ಯುದ್ಧಕಲೆ. ಆ ಮೃದುವಾದ ಚಲನೆಗಳಲ್ಲಿ ಒಂದೊಂದೂ ಒಂದು ಹೊಡೆತ, ಒಂದು ತಡೆ, ಒಂದು ಹಿಡಿತ ಅಥವಾ ಎದುರಾಳಿಯನ್ನು ಕೆಡಹುವ ಒಂದು ಪಟ್ಟು. ಸೈನಿಕರ ಹಾಗೂ ಕಾವಲುಗಾರರ ಕೈಯಲ್ಲಿ ಹುಟ್ಟಿ ಬೆಳೆದ ಈ ವಿದ್ಯೆ ವೃದ್ಧರ ಊರುಗೋಲಾದದ್ದು ಹೇಗೆ, ಅದರ ಸಾಧನೆಯ ಕ್ರಮವೇನು, ಅದರಿಂದ ದೇಹಕ್ಕೆ ನಿಜವಾಗಿ ಆಗುವ ಲಾಭವೆಷ್ಟು ಎಂಬುದು ವಿಚಾರಯೋಗ್ಯವಾದ ವಿಷಯ.

ಹೆಸರಿನ ಅರ್ಥ

ಈ ಕಲೆಯ ಪೂರ್ಣ ನಾಮ ತೈ ಚಿ ಚುವಾನ್. ‘ಚುವಾನ್’ ಎಂದರೆ ಮುಷ್ಟಿ, ಅರ್ಥಾತ್ ಮುಷ್ಟಿಯುದ್ಧ. ‘ತೈ ಚಿ’ ಎಂಬುದು ಚೀನೀ ತತ್ತ್ವಶಾಸ್ತ್ರದ ಪ್ರಾಚೀನ ಪದ. ‘ಪರಾಕಾಷ್ಠೆ’ ಎಂದು ಅದನ್ನು ಸ್ಥೂಲವಾಗಿ ಅರ್ಥೈಸಬಹುದು. ವಿಶ್ವದ ಸಮಸ್ತ ವ್ಯಾಪಾರವೂ ಯಿನ್ ಮತ್ತು ಯಾಂಗ್ ಎಂಬ ಎರಡು ಗುಣಗಳ ಹೊಂದಾಣಿಕೆಯಿಂದ ನಡೆಯುತ್ತದೆಂದೂ, ಈ ಎರಡರ ಮೂಲ ತೈ ಚಿಯೆಂದೂ ಆ ತತ್ತ್ವ ಹೇಳುತ್ತದೆ. ಮೃದು ಮತ್ತು ಕಠಿಣ, ಸ್ಥಿರ ಮತ್ತು ಚಲ, ಬರಿದು ಮತ್ತು ತುಂಬು ಇವೆಲ್ಲ ಆ ಜೋಡಿಯ ರೂಪಗಳೇ. ಅಂಗಸಾಧನೆಯಲ್ಲಿ ಈ ತತ್ತ್ವಕ್ಕೆ ಅತ್ಯಂತ ಸರಳವಾದ ಅರ್ಥವಿದೆ. ದೇಹದ ಭಾರ ಹೊತ್ತ ಕಾಲು ‘ತುಂಬಿದ’ ಕಾಲು. ಭಾರವಿಲ್ಲದ್ದು ‘ಬರಿದಾದ’ ಕಾಲು. ಎರಡೂ ಕಾಲುಗಳ ಮೇಲೆ ಸಮವಾಗಿ ಭಾರ ಬಿಟ್ಟು ನಿಂತವನು ಬೇಗ ಕದಲಲಾರನು. ಯಾವ ಕಾಲು ಬರಿದು, ಯಾವುದು ತುಂಬು ಎಂಬುದನ್ನು ಪ್ರತಿಕ್ಷಣವೂ ಅರಿತವನು ಬೀಳಲಾರನು. ಕಲೆಯ ಸಾರವೆಲ್ಲ ಬಹುಮಟ್ಟಿಗೆ ಈ ಒಂದು ಅರಿವಿನಲ್ಲಿ ಅಡಗಿದೆ.

ದಂತಕಥೆಗಳ ತೆರೆ

ಹಳೆಯ ವಿದ್ಯೆಗಳಿಗೆಲ್ಲ ಒಂದು ಪುರಾಣವಿರುವುದು ಸಹಜ. ವೂಡಾಂಗ್ ಪರ್ವತದಲ್ಲಿದ್ದ ಝಾಂಗ್ ಸಾನ್‌ಫೆಂಗ್ ಎಂಬ ದಾವ್ ಪಂಥದ ತಪಸ್ವಿಯು ಒಂದು ಹಕ್ಕಿಗೂ ಹಾವಿಗೂ ನಡೆದ ಕಾಳಗವನ್ನು ಕಂಡನೆಂದೂ, ಹಕ್ಕಿಯ ಪ್ರತಿಯೊಂದು ಎರಗನ್ನೂ ಹಾವು ಬಳುಕಿ ಬಳುಕಿ ತಪ್ಪಿಸಿಕೊಂಡದ್ದನ್ನು ನೋಡಿ ಮೃದುತ್ವದ ಬಲವನ್ನರಿತು ಈ ಕಲೆಯನ್ನು ರಚಿಸಿದನೆಂದೂ ಜನಪ್ರಿಯವಾದ ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ ಇತಿಹಾಸದ ಬೆಂಬಲ ಅದಕ್ಕಿಲ್ಲ. ಝಾಂಗ್ ಸಾನ್‌ಫೆಂಗನ ಹೆಸರನ್ನು ಮುಷ್ಟಿಯುದ್ಧದ ಒಂದು ಪಂಥಕ್ಕೆ ಜೋಡಿಸಿರುವ ಅತಿ ಹಳೆಯ ಬರಹ ವಿದ್ವಾಂಸ ಹ್ವಾಂಗ್ ಝೊಂಗ್‌ಷಿಯು 1669ರಲ್ಲಿ ರಚಿಸಿದ ಒಂದು ಸಮಾಧಿಲೇಖ. ಅದರಲ್ಲಿಯೂ ತೈ ಚಿ ಚುವಾನ್ ಎಂಬ ಹೆಸರಿಲ್ಲ.

ಭಾರತೀಯರಿಗೆ ಪರಿಚಿತವಾದ ಇನ್ನೊಂದು ಕಥೆ ಬೋಧಿಧರ್ಮನದು. ಕಂಚಿಯ ರಾಜಕುಮಾರನೆಂದು ದಕ್ಷಿಣದಲ್ಲಿ ಪ್ರಸಿದ್ಧನಾದ ಈ ಬೌದ್ಧ ಭಿಕ್ಷುವು ಚೀನಾದ ಶಾವೋಲಿನ್ ವಿಹಾರಕ್ಕೆ ಹೋಗಿ ಅಲ್ಲಿನ ಸನ್ಯಾಸಿಗಳಿಗೆ ಅಂಗಸಾಧನೆಯನ್ನು ಕಲಿಸಿದನೆಂದೂ, ಚೀನಾದ ಯುದ್ಧಕಲೆಗಳೆಲ್ಲ ಅವನಿಂದಲೇ ಹುಟ್ಟಿದವೆಂದೂ ಅನೇಕರು ಅಭಿಮಾನದಿಂದ ಹೇಳುತ್ತಾರೆ. ಬೋಧಿಧರ್ಮನು ಧ್ಯಾನ ಪಂಥದ ಆದಿಗುರುವೆಂಬುದು ಬೌದ್ಧ ಸಂಪ್ರದಾಯದಲ್ಲಿ ಸರ್ವಮಾನ್ಯ. ಆದರೆ ಅವನು ವ್ಯಾಯಾಮ ಕಲಿಸಿದನೆಂಬ ಮಾತಿಗೆ ಆಧಾರವಾದ ‘ಸ್ನಾಯು ಪರಿವರ್ತನ ಸೂತ್ರ’ವೆಂಬ ಗ್ರಂಥ 17ನೆಯ ಶತಮಾನದ್ದು, ಎಂದರೆ ಅವನ ಕಾಲಕ್ಕಿಂತ ಸಾವಿರ ವರ್ಷಗಳಷ್ಟು ಈಚಿನದು. ಅನ್ಯರ ವಿದ್ಯೆಯನ್ನು ತನ್ನದೆನ್ನುವುದರಿಂದ ಯಾವ ದೇಶದ ಗೌರವವೂ ಹೆಚ್ಚುವುದಿಲ್ಲ.

ಈ ಕಥೆಗಳ ತೆರೆಯನ್ನು ಸರಿಸಿದವರಲ್ಲಿ ಪ್ರಮುಖನು ಚೀನೀ ಇತಿಹಾಸಕಾರ ಟಾಂಗ್ ಹಾವ್. 1930ರ ಸುಮಾರಿಗೆ ಆತನು ಹೆನಾನ್ ಪ್ರಾಂತದ ಒಂದು ಸಣ್ಣ ಹಳ್ಳಿಗೆ ಸ್ವತಃ ಹೋಗಿ, ಮನೆತನದ ವಂಶಾವಳಿಗಳನ್ನೂ ಕೈಬರಹದ ಹಳೆಯ ಹೊತ್ತಗೆಗಳನ್ನೂ ಪರಿಶೀಲಿಸಿದನು. ತೈ ಚಿ ಚುವಾನ್‌ನ ನಿಜವಾದ ಇತಿಹಾಸ ಆ ಹಳ್ಳಿಯಿಂದ ತೊಡಗುತ್ತದೆ.

ಚೆನ್ ಮನೆತನದ ಹಳ್ಳಿ

ಹಳದಿ ನದಿಯ ಉತ್ತರಕ್ಕೆ, ವೆನ್ ಎಂಬ ತಾಲ್ಲೂಕಿನಲ್ಲಿರುವ ಈ ಹಳ್ಳಿಯ ಹೆಸರು ಚೆನ್‌ಜಿಯಾಗೌ. ‘ಚೆನ್ ಮನೆತನದ ಕೊರಕಲು’ ಎಂದು ಅದರ ಅರ್ಥ. ಈ ಮನೆತನದವರು ಅಲ್ಲಿಯ ಮೂಲ ನಿವಾಸಿಗಳಲ್ಲ. 14ನೆಯ ಶತಮಾನದ ಉತ್ತರಾರ್ಧದಲ್ಲಿ, ಯುದ್ಧಗಳಿಂದ ಜನಶೂನ್ಯವಾದ ಪ್ರದೇಶಗಳಿಗೆ ಮಿಂಗ್ ಚಕ್ರವರ್ತಿಯು ಬೇರೆಡೆಯ ಪ್ರಜೆಗಳನ್ನು ಸಾಗಿಸಿದಾಗ, ಶಾನ್‌ಷಿ ಪ್ರಾಂತದಿಂದ ವಲಸೆ ಬಂದವರಲ್ಲಿ ಚೆನ್ ಬು ಎಂಬವನು ಮನೆತನದ ಮೂಲಪುರುಷನೆಂದು ವಂಶಾವಳಿ ತಿಳಿಸುತ್ತದೆ. ಪರಸ್ಥಳದಲ್ಲಿ ಹೊಲ ಮನೆಗಳನ್ನು ಕಾಯ್ದುಕೊಳ್ಳಲು ಅವರಿಗೆ ಆಯುಧವಿದ್ಯೆ ಅಗತ್ಯವಾಯಿತು.

ಈ ವಂಶದ ಒಂಬತ್ತನೆಯ ತಲೆಮಾರಿನ ಚೆನ್ ವಾಂಗ್‌ಟಿಂಗ್ 17ನೆಯ ಶತಮಾನದಲ್ಲಿ ಬಾಳಿದ ಯೋಧ. 1644ರಲ್ಲಿ ಮಿಂಗ್ ಸಾಮ್ರಾಜ್ಯವು ಪತನಗೊಂಡ ಮೇಲೆ ಅವನು ಹಳ್ಳಿಯಲ್ಲಿ ನೆಲೆನಿಂತು, ಬೇಸಾಯ ಮಾಡುತ್ತ, ಮಕ್ಕಳಿಗೂ ಶಿಷ್ಯರಿಗೂ ವಿದ್ಯೆ ಹೇಳುತ್ತ ಉಳಿದ ಆಯುಷ್ಯವನ್ನು ಕಳೆದನು. ಅವನ ಪದ್ಧತಿಯಲ್ಲಿ ಎರಡು ಧಾರೆಗಳು ಬೆರೆತಿವೆ. ಒಂದು, ರಣರಂಗದ ಧಾರೆ. ಮಿಂಗ್ ಸೇನಾಪತಿ ಚಿ ಜಿಗ್ವಾಂಗನು ಕಡಲ್ಗಳ್ಳರ ವಿರುದ್ಧ ಸೈನಿಕರನ್ನು ಅಣಿಗೊಳಿಸಲು ಸುಮಾರು 1560ರಲ್ಲಿ ರಚಿಸಿದ ಸೈನಿಕ ಶಿಕ್ಷಣ ಗ್ರಂಥದಲ್ಲಿ ಬರಿಗೈ ಕಾಳಗದ 32 ಭಂಗಿಗಳಿವೆ. ಅವುಗಳಲ್ಲಿ 29 ಭಂಗಿಗಳು ಚೆನ್ ಪದ್ಧತಿಯಲ್ಲಿ ಸೇರಿವೆಯೆಂದು ಟಾಂಗ್ ಹಾವ್ ಗುರುತಿಸಿದನು. ಇನ್ನೊಂದು, ಆರೋಗ್ಯದ ಧಾರೆ. ದೇಹವನ್ನು ಹಿಗ್ಗಿಸಿ ಬಾಗಿಸುವ, ಉಸಿರನ್ನು ಕಿಬ್ಬೊಟ್ಟೆಯವರೆಗೆ ಇಳಿಸುವ ದಾವ್ ಪಂಥದ ಸಾಧನೆಗಳು ಚೀನಾದಲ್ಲಿ ಬಹು ಹಿಂದಿನಿಂದಲೂ ಇದ್ದವು. ಯೋಧನ ಹೊಡೆತವೂ ಯೋಗಿಯ ಉಸಿರೂ ಒಂದೇ ಅಭ್ಯಾಸದಲ್ಲಿ ಕೂಡಿಕೊಂಡದ್ದು ಈ ಹಳ್ಳಿಯ ವಿಶೇಷ.

ಮುಂದೆ ಸುಮಾರು ಎರಡು ಶತಮಾನಗಳ ಕಾಲ ಈ ವಿದ್ಯೆ ಮನೆತನದ ಗೋಡೆಯೊಳಗೇ ಉಳಿಯಿತು. ವರ್ತಕರ ಸರಕನ್ನು ದರೋಡೆಕೋರರಿಂದ ಕಾಪಾಡುವ ಬೆಂಗಾವಲಿನ ವೃತ್ತಿ ಚೆನ್ ಪುರುಷರಿಗೆ ಅನ್ನ ನೀಡುತ್ತಿತ್ತು. ವಿದ್ಯೆಯೇ ಜೀವನೋಪಾಯವಾದ್ದರಿಂದ ಅದನ್ನು ಹೊರಗಿನವರಿಗೆ ಹೇಳಿಕೊಡುವ ಪದ್ಧತಿ ಇರಲಿಲ್ಲ.

ಹಳ್ಳಿಯಿಂದ ರಾಜಧಾನಿಗೆ

ಈ ಕಟ್ಟು ಸಡಿಲವಾದದ್ದು ಚೆನ್ ಚಾಂಗ್‌ಷಿಂಗ್ (1771–1853) ಎಂಬ ಗುರುವಿನ ಕಾಲದಲ್ಲಿ. ಬೆನ್ನು ಕತ್ತುಗಳನ್ನು ಸದಾ ನೇರವಾಗಿರಿಸಿ ನಿಲ್ಲುತ್ತಿದ್ದ ಈತನಿಗೆ ಊರವರು ‘ಪಿತೃಫಲಕದ ಮಹಾಶಯ’ ಎಂದು ಅಡ್ಡಹೆಸರಿಟ್ಟಿದ್ದರು. ಚೀನೀಯರ ಮನೆಗಳಲ್ಲಿ ಪೂರ್ವಿಕರ ಹೆಸರು ಬರೆದು ನೆಟ್ಟಗೆ ನಿಲ್ಲಿಸುವ ಮರದ ಹಲಗೆಯೇ ಪಿತೃಫಲಕ. ಜಾತ್ರೆಯ ನಾಟಕ ನೋಡಲು ನಿಂತಾಗ ನೂಕುನುಗ್ಗಲಿನಲ್ಲಿಯೂ ಈತನು ಕದಲುತ್ತಿರಲಿಲ್ಲವೆಂದು ಹೇಳುತ್ತಾರೆ.

ಹೆಬೈ ಪ್ರಾಂತದ ಯೊಂಗ್‌ನಿಯಾನ್ ಎಂಬಲ್ಲಿಯ ಬಡ ಯುವಕ ಯಾಂಗ್ ಲುಚಾನ್ (1799–1872) ಈ ಗುರುವಿನ ಶಿಷ್ಯನಾದನು. (ತತ್ತ್ವಶಾಸ್ತ್ರದ ಯಾಂಗ್ ಪದಕ್ಕೂ ಈ ಮನೆತನದ ಹೆಸರಿಗೂ ಸಂಬಂಧವಿಲ್ಲ, ಚೀನೀ ಲಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರಗಳಿವೆ.) ಆತನು ಚೆನ್ ಮನೆಯಲ್ಲಿ ಆಳಾಗಿದ್ದು ರಾತ್ರಿಯ ಹೊತ್ತು ಗೋಡೆಯ ಬಿರುಕಿನಿಂದ ಕದ್ದು ನೋಡಿ ಕಲಿತನೆಂಬುದು ಜನರ ಕಥೆ. ಅದು ಹೇಗೇ ಇರಲಿ, ಅನ್ಯ ಮನೆತನದವನೊಬ್ಬನು ವಿದ್ಯೆಯನ್ನು ಸಂಪೂರ್ಣವಾಗಿ ಪಡೆದದ್ದು ನಿಜ. ಊರಿಗೆ ಮರಳಿದ ಆತನು ಮುಂದೆ ಬೀಜಿಂಗಿಗೆ ಹೋಗಿ ಮಂಚು ರಾಜಮನೆತನದವರಿಗೂ ಕಾವಲು ಪಡೆಯವರಿಗೂ ಶಿಕ್ಷಕನಾದನು. ಸೋಲರಿಯದ ಯಾಂಗ್ ಎಂಬ ಬಿರುದು ಅವನಿಗೆ ಅಂಟಿಕೊಂಡಿತು. ತೈ ಚಿ ಚುವಾನ್ ಎಂಬ ಹೆಸರು ರೂಢಿಗೆ ಬಂದದ್ದೂ 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ.

ಬಂದೂಕು, ರೈಲುಗಳು ಬಂದ ಮೇಲೆ ಬೆಂಗಾವಲಿನ ವೃತ್ತಿ ಅಳಿಯಿತು. ಯುದ್ಧಕ್ಕೆ ಬೇಡವಾದ ಯುದ್ಧಕಲೆಗಳಲ್ಲಿ ಅನೇಕವು ಕಣ್ಮರೆಯಾದವು. ತೈ ಚಿ ಚುವಾನ್ ಉಳಿದದ್ದಕ್ಕೆ ಕಾರಣ ಅದರ ಎರಡನೆಯ ಧಾರೆ. ಯಾಂಗ್ ಲುಚಾನನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನೆಗೆತ, ನೆಲಕ್ಕೆ ಒದೆತ, ಹಠಾತ್ ಹೊಡೆತಗಳಿಲ್ಲದ, ಒಂದೇ ವೇಗದಲ್ಲಿ ಹರಿಯುವ ವಿಶಾಲ ಚಲನೆಗಳ ಪಾಠವನ್ನು ಸ್ಥಿರಗೊಳಿಸಿ, ಬೀಜಿಂಗ್ ಹಾಗೂ ಶಾಂಘೈಗಳಲ್ಲಿ ವರ್ತಕರಿಗೂ ಗುಮಾಸ್ತರಿಗೂ ಅಧ್ಯಾಪಕರಿಗೂ ಬೋಧಿಸಿದನು. ವೂ ಜಿಯಾನ್‌ಚುವಾನ್, ಸುನ್ ಲುಟಾಂಗ್ ಮೊದಲಾದವರು ಬೇರೆ ಬೇರೆ ಶಾಖೆಗಳನ್ನು ಬೆಳೆಸಿದರು. 1956ರಲ್ಲಿ ಚೀನಾದ ಕ್ರೀಡಾ ಆಯೋಗವು ಯಾಂಗ್ ಶಾಖೆಯ ದೀರ್ಘ ಪಾಠವನ್ನು ಸಂಕ್ಷೇಪಿಸಿ, ಐದಾರು ನಿಮಿಷಗಳಲ್ಲಿ ಮುಗಿಯುವ 24 ಭಂಗಿಗಳ ಸರಳ ಪಾಠವನ್ನು ಸಿದ್ಧಪಡಿಸಿತು. ಇಂದು ಜಗತ್ತಿನಾದ್ಯಂತ ಅತಿ ಹೆಚ್ಚು ಜನರು ಕಲಿಯುವುದು ಈ ಪಾಠವನ್ನೇ.

ಇದೇ ಅವಧಿಯಲ್ಲಿ ತೌರುಹಳ್ಳಿಯ ಸ್ಥಿತಿ ಏನಾಗಿತ್ತು ಎಂಬುದು ಮನ ಕಲಕುವ ಸಂಗತಿ. ಚೆನ್ ವಂಶದ ಸಮರ್ಥ ಗುರುಗಳಾದ ಚೆನ್ ಝಾವೋಪೇ (1893–1972) ಮತ್ತು ಚೆನ್ ಫಾಕ (1887–1957) 1928ರಲ್ಲಿ ಬೀಜಿಂಗಿಗೆ ತೆರಳಿದರು. ಮೂವತ್ತು ವರ್ಷಗಳ ಕಾಲ ಹೊರಗೆ ದುಡಿದು 1958ರಲ್ಲಿ ಹಳ್ಳಿಗೆ ಮರಳಿದ ಚೆನ್ ಝಾವೋಪೇ ಕಂಡದ್ದು, ವಿದ್ಯೆ ಹುಟ್ಟಿದ ನೆಲದಲ್ಲಿಯೇ ಅದನ್ನು ಬಲ್ಲವರು ಇಲ್ಲವಾಗುತ್ತಿದ್ದ ದೃಶ್ಯ. ಬಡತನ, ಬರಗಾಲ, ಯುದ್ಧಗಳ ನಡುವೆ ಕಲಿಯುವವರಿರಲಿಲ್ಲ, ಕಲಿಸುವವರೂ ಇರಲಿಲ್ಲ. ಅರವತ್ತೈದರ ವಯಸ್ಸಿನಲ್ಲಿ ಆತನು ಹಳ್ಳಿಯ ಹುಡುಗರನ್ನು ಕೂಡಿಸಿಕೊಂಡು ಮೊದಲ ಪಾಠದಿಂದ ಆರಂಭಿಸಿದನು. 1966ರಲ್ಲಿ ತೊಡಗಿದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಳೆಯ ವಿದ್ಯೆಗಳನ್ನು ಹೇಳಿಕೊಡುವುದೇ ಅಪರಾಧವಾಗಿ, ಆತನೂ ಅವಮಾನ ಹಿಂಸೆಗಳಿಗೆ ಗುರಿಯಾದನು. ಆದರೂ ಪಾಠ ಪೂರ್ತಿಯಾಗಿ ನಿಲ್ಲಲಿಲ್ಲ. ಅಂದಿನ ಆ ಹುಡುಗರೇ ಮುಂದೆ ದೇಶವಿದೇಶಗಳಲ್ಲಿ ಚೆನ್ ಶಾಖೆಯ ಆಚಾರ್ಯರಾದರು. ಊರು ಬಿಟ್ಟುಹೋದವನ ನಿತ್ಯಾಭ್ಯಾಸವೇ ಊರಿನ ವಿದ್ಯೆಯನ್ನು ಊರಿಗೆ ಹಿಂದಿರುಗಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ತೈ ಚಿ ಚುವಾನ್‌ಅನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಾಧನಾ ಕ್ರಮ

ಗರಡಿಮನೆಯ ಪೈಲ್ವಾನನು ಪಟ್ಟುಗಳಿಗೆ ಮೊದಲು ಸಾಮು ಮಾಡುವಂತೆ, ಇಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವಿದೆ. ಶಾಖೆಯಿಂದ ಶಾಖೆಗೆ ಭೇದಗಳಿದ್ದರೂ ಮುಖ್ಯ ಹಂತಗಳು ಇವು.

1. ನಿಲುವು: ಪಾದಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿಗಳನ್ನು ತುಸು ಸಡಿಲಿಸಿ, ಒಂದು ಮರವನ್ನು ತಬ್ಬಿದಂತೆ ತೋಳುಗಳನ್ನು ದುಂಡಾಗಿ ಎದೆಯ ಮುಂದೆ ಹಿಡಿದು ಕದಲದೆ ನಿಲ್ಲುವುದು. ನೆತ್ತಿಯನ್ನು ಯಾರೋ ದಾರ ಕಟ್ಟಿ ಮೇಲಕ್ಕೆಳೆದಂತೆ ತಲೆ ನೇರ. ಭುಜ, ಮೊಣಕೈಗಳು ಕೆಳಕ್ಕೆ ಇಳಿಬಿದ್ದಂತೆ ಸಡಿಲ. ಎದೆ ಸೆಟೆದಿರಬಾರದು, ಬೆನ್ನು ಗೂನಾಗಿರಬಾರದು. ನೋಡಲು ಏನೂ ಇಲ್ಲದ ಈ ಅಭ್ಯಾಸವನ್ನು ಐದು ನಿಮಿಷ ಮಾಡಿದವರಿಗೆ ತೊಡೆಗಳ ನಡುಕವೇ ಅದರ ಮಹತ್ವವನ್ನು ತಿಳಿಸಿಬಿಡುತ್ತದೆ. ಬೇಡದ ಸ್ನಾಯುಗಳನ್ನು ಬಿಗಿಹಿಡಿಯದೆ, ಬೇಕಾದಷ್ಟೇ ಬಲದಿಂದ ದೇಹವನ್ನು ನಿಲ್ಲಿಸುವುದು ಮೊದಲ ಪಾಠ.

2. ರೇಷ್ಮೆ ನೂಲಿನ ಸುತ್ತು: ಚೆನ್ ಶಾಖೆಯ ಮೂಲ ಅಭ್ಯಾಸವಿದು. ಅಂಗಾಲಿನಲ್ಲಿ ಹುಟ್ಟಿದ ಚಲನೆ ಕಾಲು, ಸೊಂಟ, ಬೆನ್ನು, ತೋಳುಗಳಲ್ಲಿ ತಿರುಪಿನಂತೆ ಸುತ್ತುತ್ತ ಬೆರಳ ತುದಿಗೆ ಬರಬೇಕು. ರೇಷ್ಮೆಗೂಡಿನಿಂದ ನೂಲೆಳೆಯುವಾಗ ಜಗ್ಗಿದರೆ ಎಳೆ ಕಡಿಯುತ್ತದೆ, ತಡೆದು ತಡೆದು ಎಳೆದರೆ ಸಿಕ್ಕಾಗುತ್ತದೆ. ರಾಮನಗರ, ಶಿಡ್ಲಘಟ್ಟಗಳ ಕಡೆ ನೂಲು ಬಿಚ್ಚುವುದನ್ನು ನೋಡಿದವರಿಗೆ ಈ ಹೋಲಿಕೆ ಒಡನೆಯೇ ಅರ್ಥವಾದೀತು. ಕೈ ತಾನಾಗಿ ಚಲಿಸುವುದಿಲ್ಲ; ಸೊಂಟ ತಿರುಗಿದಾಗ ಕೈ ಅದರ ಹಿಂದೆ ಹೋಗುತ್ತದೆ.

3. ಭಂಗಿಗಳ ಮಾಲೆ: ಹತ್ತಾರು ಭಂಗಿಗಳನ್ನು ನಿಲುಗಡೆಯಿಲ್ಲದೆ ಪೋಣಿಸಿದ ಪಾಠವೇ ಉದ್ಯಾನಗಳಲ್ಲಿ ಕಾಣಸಿಗುವ ದೃಶ್ಯ. ‘ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು’, ‘ಕಾಡುಕುದುರೆಯ ಕೇಸರ ಸೀಳುವುದು’, ‘ಗುಬ್ಬಚ್ಚಿಯ ಬಾಲ ಹಿಡಿಯುವುದು’, ‘ಮೋಡಗಳಂತೆ ಕೈಯಾಡಿಸುವುದು’, ‘ಚಿನ್ನದ ಹುಂಜ ಒಂಟಿಕಾಲಲ್ಲಿ ನಿಲ್ಲುವುದು’ ಎಂದು ಭಂಗಿಗಳಿಗೆ ಹೆಸರುಗಳಿವೆ. ಹೆಸರು ಕಾವ್ಯಮಯವಾದರೂ ಒಳಗಿನ ಅರ್ಥ ಕಾಳಗದ್ದು. ಹುಂಜದ ಭಂಗಿಯಲ್ಲಿ ಮೇಲೇರುವ ಮಂಡಿ ಎದುರಾಳಿಯ ಕಿಬ್ಬೊಟ್ಟೆಗೆ ಗುರಿ. ಕುದುರೆಯ ಭಂಗಿಯಲ್ಲಿ ಓರೆಯಾಗಿ ಏಳುವ ತೋಳು ಎದುರಾಳಿಯ ಕಂಕುಳಡಿ ಸೇರಿ ಅವನನ್ನು ಹಿಂದಕ್ಕುರುಳಿಸುತ್ತದೆ. ಹೆಜ್ಜೆಯಿಡುವ ರೀತಿ ಬೆಕ್ಕಿನದು: ಬರಿದಾದ ಕಾಲನ್ನು ಮೊದಲು ನೆಲಕ್ಕೆ ಮುಟ್ಟಿಸಿ, ಅನಂತರ ಭಾರವನ್ನು ನಿಧಾನವಾಗಿ ಸುರಿಯಬೇಕು. ಯಾಂಗ್ ಶಾಖೆಯ ದೀರ್ಘ ಪಾಠಕ್ಕೆ ಸುಮಾರು 20 ರಿಂದ 25 ನಿಮಿಷಗಳು ಹಿಡಿಯುತ್ತವೆ. ಚೆನ್ ಶಾಖೆಯಲ್ಲಿ ಮೊದಲ ಪಾಠ ಬಹುಪಾಲು ನಿಧಾನವಾಗಿದ್ದು ನಡುನಡುವೆ ಮಿಂಚಿನಂತಹ ಹೊಡೆತಗಳಿರುತ್ತವೆ. ‘ಫಿರಂಗಿ ಮುಷ್ಟಿ’ ಎಂಬ ಎರಡನೆಯ ಪಾಠವಂತೂ ನೆಗೆತ, ಒದೆತಗಳಿಂದ ಕೂಡಿದ್ದು, ತರುಣರ ಬೆವರಿಳಿಸುತ್ತದೆ.

4. ತಳ್ಳುಗೈ: ಇಬ್ಬರು ಎದುರುಬದುರಾಗಿ ನಿಂತು, ಮುಂಗೈಗಳನ್ನು ಒಂದಕ್ಕೊಂದು ತಾಗಿಸಿ, ವೃತ್ತಾಕಾರವಾಗಿ ತಳ್ಳುತ್ತ, ಬಿಟ್ಟುಕೊಡುತ್ತ ಮಾಡುವ ಅಭ್ಯಾಸ. ಮೇಲೆತ್ತಿ ತಡೆಯುವುದು, ಹಿಂದಕ್ಕೆ ಸೆಳೆಯುವುದು, ಒತ್ತುವುದು, ತಳ್ಳುವುದು ಎಂಬ ನಾಲ್ಕು ಬಲಗಳನ್ನು ಇಲ್ಲಿ ಪಳಗಿಸುತ್ತಾರೆ. ಸೆಳೆಯುವುದು, ತಿರುಚುವುದು, ಮೊಣಕೈ, ಭುಜ ಎಂಬ ಇನ್ನು ನಾಲ್ಕನ್ನೂ, ಮುಂದೆ, ಹಿಂದೆ, ಎಡ, ಬಲ, ನಡು ಎಂಬ ಐದು ನೆಲೆಗಳನ್ನೂ ಕೂಡಿಸಿ ‘ಹದಿಮೂರು ಬಲ’ಗಳೆಂದು ಎಣಿಸುವುದು ಸಂಪ್ರದಾಯ. ತಳ್ಳುಗೈಯಲ್ಲಿ ತೋಳ್ಬಲಕ್ಕಿಂತ ಮುಖ್ಯವಾದದ್ದು ಚರ್ಮದಿಂದ ‘ಕೇಳುವ’ ಶಕ್ತಿ. ಎದುರಾಳಿಯ ಭಾರ ಎತ್ತ ವಾಲುತ್ತಿದೆಯೆಂಬುದನ್ನು ಮುಂಗೈಯ ಸ್ಪರ್ಶದಿಂದಲೇ ಅರಿತು, ಅವನ ತಳ್ಳುವಿಕೆಗೆ ಎದುರೊಡ್ಡದೆ ಪಕ್ಕಕ್ಕೆ ಹರಿಯಗೊಟ್ಟು, ಅವನು ಸಮತೋಲ ತಪ್ಪಿದ ಕ್ಷಣದಲ್ಲಿ ಕೆಡಹಬೇಕು. ತೆರೆದೇ ಇದ್ದ ಬಾಗಿಲನ್ನು ಮುಚ್ಚಿದೆಯೆಂದು ತಿಳಿದು ಜೋರಾಗಿ ನೂಕಿದವನ ಗತಿ ಏನಾಗುವುದೋ ಅದೇ ಎದುರಾಳಿಯದೂ ಆಗುತ್ತದೆ.

5. ಆಯುಧ ಮತ್ತು ಪ್ರಯೋಗ: ಕತ್ತಿ, ಬಾಗುಗತ್ತಿ, ಈಟಿಗಳ ಪಾಠಗಳೂ, ಒಟ್ಟುಗೂಡಿಸಿದ ಬಲವನ್ನು ಒಮ್ಮೆಲೇ ಸಿಡಿಸುವ ಹೊಡೆತಗಳೂ ಮುಂದುವರಿದ ವಿದ್ಯಾರ್ಥಿಗಳಿಗೆ. ಕೇವಲ ನಿಧಾನದ ಪಾಠವನ್ನು ಕಲಿತವನು ಬೀದಿಯ ಜಗಳದಲ್ಲಿ ಗೆಲ್ಲುವನೆಂದು ನಂಬುವುದು ತಪ್ಪು. ತಳ್ಳುಗೈ ಮತ್ತು ಪ್ರಯೋಗಗಳ ಕಠಿಣ ಅಭ್ಯಾಸವಿಲ್ಲದೆ ಕಾಳಗದ ಶಕ್ತಿ ಬರುವುದಿಲ್ಲವೆಂದು ನಿಜವಾದ ಗುರುಗಳೇ ಎಚ್ಚರಿಸುತ್ತಾರೆ.

ನಿಧಾನವೇಕೆ?

ಮೇಲುನೋಟಕ್ಕೆ ಸುಲಭವೆನಿಸುವ ನಿಧಾನವೇ ಇಲ್ಲಿಯ ಕಠಿಣ ಶಿಕ್ಷಣ. ವೇಗವಾಗಿ ಹೆಜ್ಜೆ ಹಾಕುವವನನ್ನು ಅವನ ವೇಗವೇ ಮುಂದಕ್ಕೊಯ್ಯುತ್ತದೆ. ನಡುವಿನ ದೋಷಗಳು ಮುಚ್ಚಿಹೋಗುತ್ತವೆ. ಅದೇ ಹೆಜ್ಜೆಯನ್ನು ಹತ್ತು ಸೆಕೆಂಡುಗಳಷ್ಟು ಹಿಗ್ಗಿಸಿದಾಗ ದೇಹದ ಪೂರ್ಣ ಭಾರವನ್ನು ಒಂದೇ ಕಾಲು ಹೊತ್ತು ನಿಲ್ಲಬೇಕಾಗುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳು, ಪೃಷ್ಠದ ಸ್ನಾಯುಗಳು, ಹರಡಿನ ಸುತ್ತಲಿನ ಸಣ್ಣ ಸಣ್ಣ ಸ್ನಾಯುಗಳು ಇದರಿಂದ ಬಲಗೊಳ್ಳುತ್ತವೆ. ಹೃದಯದ ಮೇಲೆ ಬೀಳುವ ಶ್ರಮವಾದರೋ ಸಾಧಾರಣ ವೇಗದ ನಡಿಗೆಯಷ್ಟೇ.

ಮನುಷ್ಯನು ಬೀಳದೆ ನಿಲ್ಲುವುದು ಮೂರು ಸಾಕ್ಷಿಗಳ ಸಹಾಯದಿಂದ: ಕಣ್ಣು, ಒಳಕಿವಿಯ ಸಮತೋಲ ಅಂಗ, ಹಾಗೂ ಅಂಗಾಲು ಕೀಲುಗಳಿಂದ ಮಿದುಳಿಗೆ ಹೋಗುವ ಸ್ಥಾನಪ್ರಜ್ಞೆ. ವಯಸ್ಸಾದಂತೆ ಈ ಮೂರೂ ಮಂದವಾಗುತ್ತವೆ. ಜೊತೆಗೆ ಕಾಲಿನ ಸ್ನಾಯುಗಳೂ ಸೊರಗುತ್ತವೆ. ಆಗ ಸ್ನಾನದ ಮನೆಯ ಒಂದು ಜಾರು, ಹೊಸ್ತಿಲಿನ ಒಂದು ಎಡವು ಸಾಕು. ತೊಡೆಮೂಳೆಯ ಕತ್ತು ಮುರಿದು ಹಾಸಿಗೆ ಹಿಡಿದ ವೃದ್ಧರಲ್ಲಿ ಅನೇಕರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಮುರಿಯದೆ ಪಾರಾದವರನ್ನೂ ಬೀಳುವ ಭಯ ಕುರ್ಚಿಗೆ ಕಟ್ಟಿಹಾಕುತ್ತದೆ. ಕುಳಿತಷ್ಟೂ ಕಾಲು ಸೊರಗುತ್ತದೆ, ಸೊರಗಿದಷ್ಟೂ ಬೀಳುವ ಸಂಭವ ಹೆಚ್ಚುತ್ತದೆ. ಈ ವಿಷವರ್ತುಲವನ್ನು ಕಡಿಯುವುದರಲ್ಲಿಯೇ ತೈ ಚಿ ಚುವಾನ್‌ನ ನಿಜವಾದ ಉಪಕಾರವಿದೆ.

ಈ ಮಾತನ್ನು ವೈದ್ಯವಿಜ್ಞಾನವು ಪರೀಕ್ಷಿಸಿ ನೋಡಿದೆ. ಅಮೆರಿಕದ ಅಟ್ಲಾಂಟಾದಲ್ಲಿ 70 ವರ್ಷ ದಾಟಿದ 200 ಮಂದಿಯ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 15 ವಾರಗಳ ತೈ ಚಿ ಶಿಕ್ಷಣ ಪಡೆದವರಲ್ಲಿ ಪದೇ ಪದೇ ಬೀಳುವ ಅಪಾಯ ಸುಮಾರು ಅರ್ಧದಷ್ಟು ತಗ್ಗಿತು. ಆರೆಗಾನ್ ರಾಜ್ಯದಲ್ಲಿ ಬೀಳುವ ಅಪಾಯ ಹೆಚ್ಚಾಗಿದ್ದ 670 ವೃದ್ಧರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಮೈನೀವುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಅಭ್ಯಾಸಿಗಳು ಬಿದ್ದದ್ದು ಶೇಕಡಾ 58ರಷ್ಟು ಕಡಿಮೆ. 2012ರಲ್ಲಿ ಪಾರ್ಕಿನ್ಸನ್ ರೋಗದ 195 ಮಂದಿಯಲ್ಲಿ ಸಮತೋಲ ಸುಧಾರಿಸಿದ್ದು ಕಂಡುಬಂತು. ಮಂಡಿಯ ಸವೆತದಿಂದ ನರಳುವ 204 ಮಂದಿಯಲ್ಲಿ, 12 ವಾರಗಳ ತೈ ಚಿ ಅಭ್ಯಾಸ ಭೌತಚಿಕಿತ್ಸೆಗೆ ಸಮನಾದ ನೋವು ಶಮನವನ್ನು ನೀಡಿತೆಂದು 2016ರ ವರದಿ ತಿಳಿಸಿತು.

ಇಷ್ಟರಿಂದ ಇದು ಸರ್ವರೋಗ ಪರಿಹಾರಿಯೆಂದು ಭಾವಿಸಬಾರದು. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ಔಷಧಿಯನ್ನು ಬಿಟ್ಟು ಇದನ್ನೇ ನಂಬುವುದು ಅವಿವೇಕ. ಮೈಯಲ್ಲಿ ಹರಿಯುವ ‘ಚಿ’ ಎಂಬ ಪ್ರಾಣಶಕ್ತಿಯ ವಿಚಾರ ಚೀನೀ ಸಂಪ್ರದಾಯದ ಭಾಷೆ; ಅದನ್ನು ಒಪ್ಪದವರ ಕಾಲೂ ಅಭ್ಯಾಸದಿಂದ ಅಷ್ಟೇ ಬಲಗೊಳ್ಳುತ್ತದೆ.

ಮನೆಯಲ್ಲಿ ಆರಂಭಿಸಲು

ಪೂರ್ಣ ಪಾಠಕ್ಕೆ ಬಲ್ಲ ಗುರುವಿನ ಅಗತ್ಯವಿದೆ. ಆದರೆ ಅದರ ಬುನಾದಿಯ ಕೆಲವು ಅಭ್ಯಾಸಗಳನ್ನು ಮಹಾನಗರದ ಇಕ್ಕಟ್ಟಾದ ಮನೆಯಲ್ಲಿಯೂ, ಆರಡಿ ಜಾಗದಲ್ಲಿ, ಪಕ್ಕದಲ್ಲಿ ಒಂದು ಭದ್ರವಾದ ಕುರ್ಚಿಯನ್ನಿಟ್ಟುಕೊಂಡು ಮಾಡಬಹುದು.

ಮೊದಲು ಮೇಲೆ ಹೇಳಿದ ನಿಲುವಿನಲ್ಲಿ ಎರಡು ನಿಮಿಷ ನಿಂತು, ಮೂಗಿನಿಂದ ಸಹಜವಾಗಿ ಉಸಿರಾಡಬೇಕು. ಉಸಿರನ್ನು ಹಿಡಿಯಬಾರದು.

ಅನಂತರ ಅದೇ ನಿಲುವಿನಲ್ಲಿ ಭಾರವನ್ನೆಲ್ಲ ಮೆಲ್ಲಮೆಲ್ಲನೆ ಬಲಗಾಲಿಗೆ ಸರಿಸಬೇಕು. ಎಡಗಾಲು ಪೂರ್ತಿ ಬರಿದಾಗಿ, ಹಿಮ್ಮಡಿ ತಾನಾಗಿ ಹಗುರವಾದಾಗ ಒಂದು ಕ್ಷಣ ನಿಂತು, ಮತ್ತೆ ಎಡಕ್ಕೆ ಸರಿಯಬೇಕು. ಹೀಗೆ ಹತ್ತು ಬಾರಿ.

ಮೂರನೆಯದು ಬೆಕ್ಕಿನ ನಡೆ. ಗೋಡೆಯ ಪಕ್ಕದಲ್ಲಿ ನಿಂತು, ಒಂದು ಕಾಲನ್ನು ಮುಂದಿಟ್ಟು ಹಿಮ್ಮಡಿಯನ್ನು ಮಾತ್ರ ತಾಗಿಸಿ, ಅನಂತರ ಅಂಗಾಲನ್ನು ಊರಿ, ಕಡೆಗೆ ಭಾರವನ್ನು ವರ್ಗಾಯಿಸಬೇಕು. ಕಾಲಿಟ್ಟ ಜಾಗ ಒದ್ದೆಯೆಂದು ಅನ್ನಿಸಿದರೆ ಹಿಂದೆಗೆಯಲು ಸಾಧ್ಯವಾಗುವಷ್ಟು ನಿಧಾನವಿರಬೇಕು. ಎಂಟು ಹತ್ತು ಹೆಜ್ಜೆಗಳು ಸಾಕು.

ಹೀಗೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ, ತಿಂಗಳೆರಡು ತಿಂಗಳಲ್ಲಿ ಅರ್ಧ ಗಂಟೆಗೆ ಏರಿಸಬಹುದು.

ಎಚ್ಚರಿಕೆಗಳು

ಮಂಡಿ ಬಾಗಿದಾಗ ಅದು ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಒಳಕ್ಕೆ ವಾಲಬಾರದು, ಬೆರಳ ತುದಿಯನ್ನು ಮೀರಿ ಮುಂದೆ ಹೋಗಬಾರದು. ಭಾರ ಹೊತ್ತ ಪಾದವನ್ನು ನೆಲದ ಮೇಲೆ ತಿರುಚಿದರೆ ಮಂಡಿಗೆ ಪೆಟ್ಟಾಗುತ್ತದೆ; ಮೊದಲು ಕಾಲನ್ನು ಬರಿದು ಮಾಡಿ ಆಮೇಲೆ ತಿರುಗಿಸಬೇಕು. ತರುಣರ ಆಳವಾದ ಭಂಗಿಗಳನ್ನು ಹಿರಿಯರು ಅನುಕರಿಸಬಾರದು. ತುಸುವೇ ಬಾಗಿದರೂ ಫಲ ದೊರೆಯುತ್ತದೆ. ಕಾಲುಚೀಲ ಧರಿಸಿ ನುಣುಪಾದ ನೆಲದಲ್ಲಿ ಅಭ್ಯಾಸ ಮಾಡಬಾರದು. ತಲೆಸುತ್ತು ಇರುವವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಶಸ್ತ್ರಚಿಕಿತ್ಸೆಗೆ ಒಳಗಾದವರು, ಹೃದ್ರೋಗಿಗಳು ಮೊದಲು ತಮ್ಮ ವೈದ್ಯರ ಅನುಮತಿ ಪಡೆಯತಕ್ಕದ್ದು. ಊಟವಾದ ಕೂಡಲೇ ಅಭ್ಯಾಸ ಸಲ್ಲದು.

ಸುಮಾರು ನಾಲ್ಕು ಶತಮಾನಗಳ ಈ ಪಯಣದಲ್ಲಿ ತೈ ಚಿ ಚುವಾನ್ ಹಲವು ವೇಷಗಳನ್ನು ತೊಟ್ಟಿದೆ. ಯೋಧನಿಂದ ಬೆಂಗಾವಲಿನವನಿಗೆ, ಅವನಿಂದ ರಾಜಧಾನಿಯ ಕಾವಲುಗಾರನಿಗೆ, ಅಲ್ಲಿಂದ ನಗರದ ಗುಮಾಸ್ತನಿಗೆ, ಕೊನೆಗೆ ಉದ್ಯಾನದ ಅಜ್ಜಿಗೆ ಅದು ಕೈಬದಲಾಯಿಸಿದೆ. ಎದುರಾಳಿಯೂ ಬದಲಾಗಿದ್ದಾನೆ, ಅಂದು ಈಟಿ ಹಿಡಿದ ದರೋಡೆಕೋರ, ಇಂದು ಸ್ನಾನದ ಮನೆಯ ಒದ್ದೆ ನೆಲ. ಆದರೆ ಕಾಲಿನಡಿಯ ಪಾಠ ಬದಲಾಗಿಲ್ಲ. ಭಾರ ಯಾವ ಕಾಲಿನ ಮೇಲಿದೆಯೆಂಬುದನ್ನು ಅರಿತು, ಇನ್ನೊಂದನ್ನು ಬರಿದು ಮಾಡಿ, ಅವಸರವಿಲ್ಲದೆ ಹೆಜ್ಜೆಯಿಡಬೇಕು. ಮನೆಯಲ್ಲಿ ಹಿರಿಯರಿರುವವರು ಈ ಅಭ್ಯಾಸವನ್ನು ಅವರಿಗೆ ಉಪದೇಶಿಸುವುದಕ್ಕಿಂತ ದಿನವೂ ಹತ್ತು ನಿಮಿಷ ಅವರ ಜೊತೆ ನಿಂತು ಮಾಡುವುದು ಲೇಸು.